ಪ್ರಿಂಟ್ ಅಂಟಿಸಿದರೆ ಪ್ರವಾಸ ಆಗುವುದಿಲ್ಲ

ಪ್ರಶ್ನೆ: ನಾಲ್ಕನೇ ತರಗತಿಗೆ ‘ವಿದೇಶ ಪ್ರವಾಸ’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದೇನೆ. ಮಕ್ಕಳು ಅಕ್ಷಯ ಕೇಂದ್ರದಿಂದಲೋ (ಕೇರಳ ಸರ್ಕಾರದ ಇ-ಸೇವಾ ಕೇಂದ್ರ) ಝೆರಾಕ್ಸ್ ಅಂಗಡಿಯಿಂದಲೋ ಪ್ರಿಂಟ್ ತಂದು ಚಾರ್ಟಿಗೆ ಅಂಟಿಸುತ್ತಾರೆ. ಶಾಲೆಯಲ್ಲಿ ಒಂದೇ ಲ್ಯಾಪ್‌ಟಾಪ್, ನೆಟ್ ಬಂದರೆ ಬಂತು. ಕನ್ನಡದಲ್ಲಿ ಮಾಹಿತಿಯೂ ಕಡಿಮೆ. ಮಕ್ಕಳೇ ಹುಡುಕುವ ಹಾಗೆ ಮಾಡುವುದು ಹೇಗೆ?
(ಕೇರಳದ ಕಾಸರಗೋಡಿನ ಕನ್ನಡ ಮಾಧ್ಯಮ ಎಲ್.ಪಿ., ಅಂದರೆ ಕಿರಿಯ ಪ್ರಾಥಮಿಕ, ಶಾಲೆಯ ಶಿಕ್ಷಕಿ)

ಉತ್ತರ: ಟೀಚರ್, ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಪ್ರತಿ ಸಲವೂ ದೂರು ನೆಟ್ಟಿನ ಮೇಲೆಯೇ. ತೊಂದರೆ ನೆಟ್ಟಿನಲ್ಲಿಲ್ಲ. ‘ಜಪಾನಿನ ಬಗ್ಗೆ ಮಾಹಿತಿ ಸಂಗ್ರಹಿಸಿ’ ಎಂದು ನಾವು ಕೊಡುವ ಆ ಒಂದು ವಾಕ್ಯದಲ್ಲಿದೆ.

ಮಾಹಿತಿ ಸಂಗ್ರಹವೇ ಸಂಶೋಧನೆ, ಹೆಚ್ಚು ಸಂಗ್ರಹಿಸಿದವರ ಪ್ರಾಜೆಕ್ಟೇ ಒಳ್ಳೆಯದು ಎಂಬ ನಂಬಿಕೆ ಅಧ್ಯಾಪಕರಲ್ಲೂ ಇದೆ, ಪೋಷಕರಲ್ಲೂ ಇದೆ. ಎಷ್ಟು ಸಲ ಹೇಳಿದರೂ ಅದು ಹೋಗುವುದಿಲ್ಲ. ಆದ್ದರಿಂದ ಇವತ್ತು ಅದನ್ನೇ ಬುಡದಿಂದ ಬಿಡಿಸಿ ನೋಡೋಣ.

ನಿಮ್ಮ ತರಗತಿಯ ಅತಿ ಚೆಂದದ ಚಾರ್ಟನ್ನು ಎದುರಿಗಿಟ್ಟುಕೊಳ್ಳಿ. ರಾಜಧಾನಿ ಟೋಕಿಯೊ, ನಾಣ್ಯ ಯೆನ್, ಬಿಳಿ ಬಾವುಟದಲ್ಲಿ ಕೆಂಪು ವೃತ್ತ, ಪಕ್ಕದಲ್ಲಿ ಫ್ಯೂಜಿ ಪರ್ವತದ ಬಣ್ಣದ ಚಿತ್ರ. ಎಲ್ಲವೂ ಸರಿ. ಈಗ ಚಾರ್ಟನ್ನು ಮಡಚಿ ಪಕ್ಕಕ್ಕಿಟ್ಟು ಅದನ್ನು ಮಾಡಿದ ಮಗುವಿನ ಹತ್ತಿರ ಒಂದೇ ಒಂದು ಮಾತು ಕೇಳಿ: ‘ಕ್ರಿಸ್ಮಸ್ ರಜೆಯಲ್ಲಿ ಹೋಗುವುದಾದರೆ ಬ್ಯಾಗಿಗೆ ಸ್ವೆಟರ್ ಹಾಕುತ್ತೀಯಾ?’ ಮಗು ಸುಮ್ಮನಾಗುತ್ತದೆ. ಚಾರ್ಟಿನಲ್ಲಿ ‘ಹವಾಮಾನ: ಸಮಶೀತೋಷ್ಣ’ ಎಂದು ಬರೆದಿರುತ್ತದೆ, ಆದರೆ ಆ ಪದಕ್ಕೂ ಸ್ವೆಟರಿಗೂ ಸಂಬಂಧ ಇದೆ ಎಂದು ಅದಕ್ಕೆ ಗೊತ್ತಿಲ್ಲ. ಏಕೆಂದರೆ ಆ ಪದವನ್ನು ಅದು ಹುಡುಕಿದ್ದಲ್ಲ, ಪ್ರಿಂಟಿನ ಜೊತೆಗೆ ತಾನಾಗಿ ಬಂದದ್ದು.

ಅದೇ ಸ್ವೆಟರಿನಿಂದ ಶುರು ಮಾಡಿದರೆ ಏನಾಗುತ್ತದೆ ನೋಡಿ. ಡಿಸೆಂಬರಿನಲ್ಲಿ ಜಪಾನಿನಲ್ಲಿ ಚಳಿಯೇ? ಟೋಕಿಯೊದಲ್ಲಿ ರಾತ್ರಿ 5 ಡಿಗ್ರಿಯ ಆಸುಪಾಸು. ಉತ್ತರದ ಸಪ್ಪೊರೊದಲ್ಲಿ ಹಿಮ. ದಕ್ಷಿಣದ ಒಕಿನಾವಾ ದ್ವೀಪದಲ್ಲಿ 20 ಡಿಗ್ರಿ ಹತ್ತಿರ. ಹಾಗಾದರೆ ‘ಜಪಾನಿನಲ್ಲಿ’ ಎಂದು ಕೇಳಿದ್ದೇ ತಪ್ಪು, ‘ಜಪಾನಿನಲ್ಲಿ ಎಲ್ಲಿ’ ಎಂದು ಕೇಳಬೇಕಿತ್ತು ಎಂಬುದು ಮಗುವಿಗೇ ಹೊಳೆಯುತ್ತದೆ. ತಾನು ಕೇಳಿದ ಪ್ರಶ್ನೆಯನ್ನು ತಾನೇ ತಿದ್ದಿದ ಆ ಕ್ಷಣದಲ್ಲಿ ಸಂಶೋಧನೆ ನಡೆದಿದೆ. ಹತ್ತು ಪುಟ ಪ್ರಿಂಟಿನಲ್ಲಿ ಅದು ಒಮ್ಮೆಯೂ ನಡೆಯುವುದಿಲ್ಲ.

ಅಷ್ಟು ದೂರ ಬೇಡ ಎಂದರೆ ಶ್ರೀಲಂಕಾವೇ ಇದೆ. ಜೂನ್‌ನಲ್ಲಿ ನಮಗೆ ಮಳೆ ತರುವ ನೈಋತ್ಯ ಮಾರುತವೇ ಕೊಲಂಬೊ ಕಡೆಯನ್ನೂ ನೆನೆಸುತ್ತದೆ. ಆದರೆ ಪೂರ್ವ ಕರಾವಳಿಯ ತ್ರಿಂಕೋಮಲಿಗೆ ಜೋರು ಮಳೆ ಡಿಸೆಂಬರ್ ಹೊತ್ತಿಗೆ, ಈಶಾನ್ಯ ಮಾರುತದಿಂದ. ಐದು ದಿನದ ಪ್ರವಾಸದಲ್ಲಿ ಯಾವ ಕರಾವಳಿಗೆ ಹೋಗುವುದು ಎಂದು ತೀರ್ಮಾನಿಸಬೇಕಾದ ಮಗುವಿಗೆ ಇದು ಬೇಕೇಬೇಕು. ‘ಶ್ರೀಲಂಕಾ ಉಷ್ಣವಲಯದ ದ್ವೀಪ’ ಎಂಬ ಸಾಲು ಅದರ ಯಾವ ಉಪಯೋಗಕ್ಕೂ ಬಾರದು.

ಪ್ರವಾಸ ಎಂಬ ನೆಪದ ಬೆಲೆ ಇಲ್ಲಿದೆ. ಪ್ರವಾಸದಲ್ಲಿ ತೀರ್ಮಾನ ಮಾಡಲೇಬೇಕು, ತೀರ್ಮಾನಕ್ಕೆ ಬೇಕಾದಷ್ಟೇ ಹುಡುಕಬೇಕು. ದೇಶ ಒಂದು ವಿಷಯ, ಅಷ್ಟೆ. ಅದು ಪ್ರಶ್ನೆಯಲ್ಲ.

ಇನ್ನು ಮಾಡುವ ಕ್ರಮ. 40 ನಿಮಿಷದ ಎಂಟು ಪೀರಿಯಡ್ ಸಾಕು, ಮೂರು ವಾರದಲ್ಲಿ ಹಂಚಿಕೊಳ್ಳಿ. ನಾಲ್ಕು ಮಕ್ಕಳ ಗುಂಪು ಮಾಡಿ. ಐದಾದರೆ ಒಬ್ಬರು ಕೈಕಟ್ಟಿ ಕೂರುತ್ತಾರೆ. ದೇಶವನ್ನು ಮಕ್ಕಳ ಇಷ್ಟಕ್ಕೆ ಪೂರ್ತಿ ಬಿಡಬೇಡಿ, ಎಲ್ಲರೂ ಅಮೆರಿಕ ಅನ್ನುತ್ತಾರೆ. ನೇಪಾಳ, ಶ್ರೀಲಂಕಾ, ಯು.ಎ.ಇ. (ಯುನೈಟೆಡ್ ಅರಬ್ ಎಮಿರೇಟ್ಸ್), ಜಪಾನ್, ಆಸ್ಟ್ರೇಲಿಯಾ, ಈ ಐದರಲ್ಲಿ ಆರಿಸಲಿ. ಆಸ್ಟ್ರೇಲಿಯಾ ಯಾಕೆಂದರೆ ಅಲ್ಲಿ ಡಿಸೆಂಬರ್ ಬೇಸಿಗೆ. ನೇಪಾಳ ಯಾಕೆಂದರೆ ಅಲ್ಲಿಯದೂ ರೂಪಾಯಿಯೇ, ಆದರೆ ನಮ್ಮ 100 ರೂಪಾಯಿಗೆ ಅಲ್ಲಿಯ 160. ಈ ದರ 1993ರಿಂದ ಹಾಗೇ ಇರುವುದರಿಂದ ನಾಲ್ಕನೆಯವರೂ ಗುಣಿಸಿ ಖರ್ಚಿನ ಪಟ್ಟಿ ಮಾಡಬಹುದು. ಯೆನ್ ಆದರೆ ದರ ದಿನಕ್ಕೊಂದು, ಬರೆದಿಟ್ಟುಕೊಳ್ಳುವಾಗ ತಾರೀಕು ಹಾಕದಿದ್ದರೆ ಲೆಕ್ಕವೇ ನಿಲ್ಲದು.

ಮೊದಲ ಎರಡು ಪೀರಿಯಡ್ ಬರೀ ಪ್ರಶ್ನೆಗೆ. ಪುಸ್ತಕ ಬೇಡ, ಫೋನ್ ಬೇಡ. ಪ್ರತಿ ಗುಂಪೂ ಹನ್ನೆರಡು ಪ್ರಶ್ನೆ ಬರೆಯಲಿ, ನಂತರ ಒಂದೊಂದಕ್ಕೂ ‘ಇದರ ಉತ್ತರ ಸಿಕ್ಕಿದರೆ ನಮ್ಮ ಪ್ರವಾಸದಲ್ಲಿ ಏನು ಬದಲಾಗುತ್ತದೆ?’ ಎಂದು ಕೇಳಿ. ಏನೂ ಬದಲಾಗದಿದ್ದರೆ ಅಡ್ಡಗೆರೆ. ಜನಸಂಖ್ಯೆ, ರಾಷ್ಟ್ರೀಯ ಪಕ್ಷಿ ಎಲ್ಲ ಇಲ್ಲೇ ಉದುರುತ್ತವೆ. ಆರು ಉಳಿದರೆ ಸಾಕು.

ಆಮೇಲೆ ಕಾರ್ಡು. ಒಂದು ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿ. ಒಂದು ತುಂಡಿಗೆ ಒಂದೇ ಸಂಗತಿ: ಪ್ರಶ್ನೆ, ಸ್ವಂತ ಮಾತಿನಲ್ಲಿ ಉತ್ತರ, ಎಲ್ಲಿ ಸಿಕ್ಕಿತು, ಯಾವ ವರ್ಷದ ಮಾಹಿತಿ. ಓದಬೇಕು, ಪುಸ್ತಕ ಮುಚ್ಚಬೇಕು, ಆಮೇಲೆ ಬರೆಯಬೇಕು. ಪುಸ್ತಕ ತೆರೆದಿಟ್ಟು ಬರೆದರೆ ಕೈ ತಾನಾಗಿ ನಕಲು ಮಾಡುತ್ತದೆ, ಅದು ಮಗುವಿನ ತಪ್ಪಲ್ಲ. ಕಾರ್ಡು ಚಿಕ್ಕದಿರುವುದೂ ಇದಕ್ಕೇ, ಪ್ಯಾರಾಗ್ರಾಫ್ ಅದರಲ್ಲಿ ಹಿಡಿಯದು. ‘ಎಲ್ಲಿ ಸಿಕ್ಕಿತು’ ಎಂಬಲ್ಲಿ ‘ಗೂಗಲ್’ ಎಂದು ಬರೆದ ಕಾರ್ಡನ್ನು ವಾಪಸು ಕೊಡಿ. ಮೀನು ಯಾರ ಹತ್ತಿರ ತಂದೆ ಎಂದು ಕೇಳಿದರೆ ‘ಬಸ್ಸಿನಲ್ಲಿ’ ಎಂದ ಹಾಗಾಯಿತು ಅದು. ಗೂಗಲ್ ಕರೆದುಕೊಂಡು ಹೋದದ್ದು, ಹೇಳಿದವರು ಬೇರೆ.

ನೆಟ್ಟಿಗೆ ಒಂದು ಪೀರಿಯಡ್ ಧಾರಾಳ. ಲ್ಯಾಪ್‌ಟಾಪ್ ಮುಟ್ಟುವ ಮೊದಲು ಹುಡುಕುವ ಮೂರು ಪದಗಳನ್ನು ಕಾಗದದಲ್ಲಿ ಬರೆದು ತೋರಿಸಲಿ. ‘ಜಪಾನ್’ ಒಂದೇ ಹಾಕಿದರೆ ಸಮುದ್ರಕ್ಕೆ ಬಿದ್ದ ಹಾಗೆ. ‘ಟೋಕಿಯೊ ಡಿಸೆಂಬರ್ ಉಷ್ಣಾಂಶ’ ಎಂದರೆ ದಡ ಕಾಣುತ್ತದೆ.

ಕನ್ನಡದಲ್ಲಿ ಮಾಹಿತಿ ಕಡಿಮೆ ಎಂದಿರಲ್ಲ. ಅದು ನಿಜ. ಆದರೆ ನಮ್ಮ ಜಿಲ್ಲೆಯಲ್ಲಿರುವ ಒಂದು ಆಕರ ಎಷ್ಟೋ ಕಡೆ ಇಲ್ಲ: ಗಲ್ಫಿನಲ್ಲಿರುವ ಮಾವ, ಚಿಕ್ಕಪ್ಪ, ಪಕ್ಕದ ಮನೆಯ ಅಣ್ಣ. ವಾಟ್ಸ್ಯಾಪ್‌ನಲ್ಲಿ ಮೂರು ಪ್ರಶ್ನೆಯ ವಾಯ್ಸ್ ಮೆಸೇಜ್ ಕಳಿಸಲಿ. ಮನೆಯವರ ಒಪ್ಪಿಗೆ ಮೊದಲೇ ಇರಲಿ. ಅಲ್ಲಿ ಈಗ ಎಷ್ಟು ಗಂಟೆ ಎಂದು ಲೆಕ್ಕ ಹಾಕಿಯೇ ಕಳಿಸಬೇಕು: ಯು.ಎ.ಇ. ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಮತ್ತು ಕತಾರ್ ಎರಡೂವರೆ ಗಂಟೆ. ‘ದುಬೈ ಮಾವ’ ನಿಜವಾಗಿ ಇರುವುದು ಶಾರ್ಜಾದಲ್ಲೋ ಅಬುಧಾಬಿಯಲ್ಲೋ ಎಂಬುದೂ ಆಗ ಗೊತ್ತಾಗುತ್ತದೆ. ದುಬೈ ದೇಶವಲ್ಲ, ಯು.ಎ.ಇ.ಯ ಏಳು ಎಮಿರೇಟುಗಳಲ್ಲಿ ಒಂದು.

ಹಾಗೇ ಒಂದು ಪ್ರಶ್ನೆ ಕೊಟ್ಟು ನೋಡಿ: ಅಲ್ಲಿ ಸರ್ಕಾರಿ ಕಚೇರಿಗೆ ವಾರದ ರಜೆ ಯಾವಾಗ? ಹತ್ತು ವರ್ಷದ ಹಿಂದೆ ಊರಿಗೆ ಮರಳಿದವರು ಶುಕ್ರವಾರ–ಶನಿವಾರ ಎನ್ನುತ್ತಾರೆ. ಈಗ ದುಬೈಯಲ್ಲಿರುವವರು ಶುಕ್ರವಾರ ಅರ್ಧ ದಿನ ಕೆಲಸ, ಶನಿವಾರ–ಭಾನುವಾರ ರಜೆ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. 2022ರ ಜನವರಿಯಲ್ಲಿ ಕ್ರಮ ಬದಲಾಯಿತು. ‘ಯಾರು ಸರಿ?’ ಎಂದು ಜಗಳಕ್ಕೆ ನಿಂತ ಮಕ್ಕಳು ‘ಯಾವಾಗಿನ ಮಾತು?’ ಎಂದು ಕೇಳಲು ಕಲಿತರೆ ಕಾರ್ಡಿನ ನಾಲ್ಕನೇ ಸಾಲು ಯಾಕೆ ಎಂದು ಮತ್ತೆ ವಿವರಿಸಬೇಕಿಲ್ಲ. ಎವರೆಸ್ಟ್ ಎತ್ತರ ಒಂದು ಪುಸ್ತಕದಲ್ಲಿ 8848 ಮೀಟರ್, ಇನ್ನೊಂದರಲ್ಲಿ 8848.86 ಇರುವುದೂ ಹೀಗೆಯೇ, ಎರಡನೆಯದು 2020ರ ಡಿಸೆಂಬರಿನಲ್ಲಿ ಘೋಷಣೆಯಾದ ಅಳತೆ. ಶ್ರೀಲಂಕಾದ ರಾಜಧಾನಿ ಮಾತ್ರ ಬೇರೆ ತರದ ಗೊಂದಲ: ಕೆಲವು ಕಡೆ ಕೊಲಂಬೊ, ಕೆಲವು ಕಡೆ ಶ್ರೀ ಜಯವರ್ಧನಪುರ ಕೋಟ್ಟೆ. ಸಂಸತ್ತು 1982ರಿಂದ ಕೋಟ್ಟೆಯಲ್ಲಿದೆ, ವ್ಯಾಪಾರದ ದೊಡ್ಡ ಪಟ್ಟಣ ಈಗಲೂ ಕೊಲಂಬೊ. ಹೀಗೆ ಎರಡು ಕಡೆ ಎರಡು ಉತ್ತರ ಸಿಕ್ಕಿದ ಗುಂಪನ್ನು ಎಲ್ಲರ ಎದುರು ಹೊಗಳಿ. ಸಾಮಾನ್ಯವಾಗಿ ಮಕ್ಕಳು ಹೆದರಿ ಒಂದನ್ನು ಅಳಿಸಿಬಿಡುತ್ತಾರೆ.

ಅಂಕ 20 ಆದರೆ ಪ್ರಶ್ನೆಗೆ 5, ಕಾರ್ಡಿಗೆ 8, ಎರಡು ಆಕರ ಹೋಲಿಸಿದ್ದಕ್ಕೆ 4, ಕೊನೆಯ ತೀರ್ಮಾನಕ್ಕೆ 3. ಚಾರ್ಟಿಗೆ ಸೊನ್ನೆ. ಪಿ.ಟಿ.ಎ. (ಪೋಷಕರು ಮತ್ತು ಅಧ್ಯಾಪಕರ ಸಂಘ) ಸಭೆಯಲ್ಲಿ ಇದನ್ನು ಮೊದಲೇ ಹೇಳಿಬಿಡಿ, ಪ್ರಿಂಟಿಗೆ ಓಡುವ ಪೋಷಕರು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ.

ನೀವು ಕೇಳದ ಇನ್ನೊಂದು ಸಂಗತಿ ಇದೆ, ಕನ್ನಡ ಮಾಧ್ಯಮದ ನಮ್ಮ ಮಕ್ಕಳು ನಿಜವಾಗಿ ಎಡವುವುದು ಅಲ್ಲಿ: ಹೆಸರು. ಪಾಠಪುಸ್ತಕದಲ್ಲಿ ಜಪಾನ್, ಮನೆಗೆ ಬರುವ ಮಲಯಾಳಂ ಪತ್ರಿಕೆಯಲ್ಲಿ ಜಪ್ಪಾನ್. ನಮ್ಮ ಚೀನಾ ಅಲ್ಲಿ ಚೈನ, ನಮ್ಮ ಈಜಿಪ್ಟ್ ಅಲ್ಲಿ ಈಜಿಪ್ತ್. ಅಟ್ಲಾಸಿನ ಸೂಚಿ ಇಂಗ್ಲಿಷಿನಲ್ಲಿದ್ದರೆ ಈಜಿಪ್ಟನ್ನು ‘ಐ’ (I) ಅಕ್ಷರದಲ್ಲಿ ಹುಡುಕಿ, ಇಲ್ಲ ಎಂದು ಮುಚ್ಚಿಡುತ್ತಾರೆ. ಅದಿರುವುದು ‘ಇ’ (E) ಅಕ್ಷರದಲ್ಲಿ. ಯು.ಎ.ಇ. ಪೂರ್ಣ ಹೆಸರಿನಲ್ಲಿ ‘ಯು’ ಕೆಳಗೆ ಇದ್ದರೆ, ದುಬೈ ‘ಡಿ’ ಕೆಳಗೆ. ಮಗು ಸೋಮಾರಿ ಎಂದು ನಾವು ಅಂದುಕೊಂಡಿರುತ್ತೇವೆ, ಅದು ಸರಿಯಾದ ಬಾಗಿಲನ್ನೇ ಕಂಡಿರುವುದಿಲ್ಲ. ಹಾಗಾಗಿ ಕಾರ್ಡು ಶುರು ಮಾಡುವ ಮುಂಚೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೂರು ಕಾಲಮ್ ಎಳೆಸಿ: ಕನ್ನಡ, ಮಲಯಾಳಂ, ಇಂಗ್ಲಿಷ್. ದೇಶ, ರಾಜಧಾನಿ, ಇಳಿಯುವ ಪಟ್ಟಣ, ನಾಣ್ಯ, ಈ ನಾಲ್ಕು ಹೆಸರು ಮೂರೂ ಲಿಪಿಯಲ್ಲಿ. ಮಲಯಾಳಂ ಓದಲು ಬರುವ ಮಗು ಪ್ರತಿ ಗುಂಪಿನಲ್ಲಿ ಒಬ್ಬರಾದರೂ ಇರುವಂತೆ ನೋಡಿಕೊಳ್ಳಿ, ಪತ್ರಿಕೆ ಹುಡುಕುವ ಕೆಲಸ ಅವರದ್ದು.