ನಾಲ್ವರ ಆಟ, ಒಂದೇ ಪರದೆ: ಚೌಕಾಬಾರ ಕಲಿಸಿದ ಯುಐ

ಗೇಮ್ ಜಾಮ್ ಅಂದರೆ ಹೆಚ್ಚಾಗಿ 48 ಗಂಟೆಯ ಕೆಲಸ. ಅಷ್ಟರೊಳಗೆ ಒಂದು ವಿಡಿಯೋ ಆಟ ಹುಟ್ಟಬೇಕು. ನನ್ನ ಪಾಲಿಗೆ ಬರುವುದು ಯುಐ, ಅಂದರೆ ಆಡುವವರು ಪರದೆ ಮೇಲೆ ನೋಡುವ, ಒತ್ತುವ ಚಿತ್ರಗಳು: ಅಂಕ, ಬಟನ್, ಆಟಗಾರರ ಗುರುತು. ಒಬ್ಬರೇ ಆಡುವ ಆಟವಾದರೆ ಇದು ಸಲೀಸು. ನಾಲ್ಕು ಜನ ಒಂದೇ ಟಿವಿ ಮುಂದೆ ಕೂತಾಗ ಮಾತ್ರ ಎಲ್ಲರ ಕಣ್ಣೂ ಮೊದಲು ಹುಡುಕುವುದು ಒಂದನ್ನೇ: 'ಇದರಲ್ಲಿ ನಾನೆಲ್ಲಿ?'

ಕಳೆದ ಕೊನೆಕೊಯ್ಲಿನ ಹೊತ್ತಿಗೆ ತೀರ್ಥಹಳ್ಳಿ ಹತ್ತಿರ ಗೆಳೆಯನ ಮನೆಯಲ್ಲಿ ಕೂತು ಒಂದು ಆಟ ಮಾಡಿದೆವು. ಅಂಗಳದಲ್ಲಿ ಹರವಿದ ಅಡಿಕೆಯನ್ನು ಮಳೆ ಬೀಳುವುದರೊಳಗೆ ಒಳಗೆ ಸೇರಿಸಬೇಕು, ಅಷ್ಟೇ. ನಾಲ್ವರಿಗೂ ಒಂದೇ ಥರದ ದುಂಡನೆ ಗುರುತು ಬರೆದು ಕೆಂಪು, ಹಸಿರು, ನೀಲಿ, ಹಳದಿ ತುಂಬಿದೆ. ಆಡಿ ನೋಡುವಾಗ ನಮ್ಮ ಕೋಡ್ ಬರೆಯುವ ಹುಡುಗ ಎರಡು ಸುತ್ತು ಬೇರೆಯವರ ಬೊಂಬೆಯನ್ನೇ ತನ್ನದು ಅಂದುಕೊಂಡಿದ್ದ. ಅವನಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಪಾಪ, ಹೇಳಿಕೊಂಡಿರಲಿಲ್ಲ. ಗಂಡಸರಲ್ಲಿ ಇದು ಅಪರೂಪವೇನಲ್ಲ. ನಾನೇ ಮೊದಲು ಯೋಚಿಸಬೇಕಿತ್ತು.

ಆಗ ನೆನಪಾದದ್ದು ಚೌಕಾಬಾರ. ಒಬ್ಬರದು ಹುಣಸೆಬೀಜ, ಇನ್ನೊಬ್ಬರದು ಬಳೆಚೂರು, ಮತ್ತೊಬ್ಬರದು ಕಲ್ಲು, ಉಳಿದವರದು ಮುರಿದ ಕಡ್ಡಿ. ಕರೆಂಟು ಹೋಗಿ ಬುಡ್ಡಿದೀಪ ಹಚ್ಚಿದರೂ ಕಾಯಿ ಅದಲುಬದಲಾಗುವುದಿಲ್ಲ, ಅಲ್ವಾ? ಅವರವರ ಮನೆಯೂ ಅವರವರು ಕೂತ ಬದಿಯಲ್ಲೇ ಇರುತ್ತದೆ. ಮೊದಲು ಆಕಾರ, ಆಮೇಲೆ ಜಾಗ, ಬಣ್ಣ ಕೊನೆಗೆ. ರಾತ್ರಿಯೇ ಎಲ್ಲ ತಿದ್ದಿದೆ. ಒಬ್ಬರಿಗೆ ತ್ರಿಕೋನ, ಒಬ್ಬರಿಗೆ ಚೌಕ, ಒಬ್ಬರಿಗೆ ದುಂಡು, ಒಬ್ಬರಿಗೆ ಗುಣಿಸು ಗುರುತು. ಬೊಂಬೆಯ ತಲೆ ಮೇಲಿರುವ ಗುರುತೇ ಆ ಆಟಗಾರರ ಮೂಲೆಯಲ್ಲಿ ಅಂಕದ ಪಕ್ಕದಲ್ಲೂ ಬಂತು. ಆಮೇಲೆ ಇಡೀ ಪರದೆಯನ್ನು ಕಪ್ಪು ಬಿಳುಪು ಮಾಡಿ, ಬಾಗಿಲ ಹತ್ತಿರ ನಿಂತು ನೋಡಿದೆವು. ಅಷ್ಟು ದೂರದಿಂದಲೂ ಅವನು ತನ್ನ ಬೊಂಬೆಯನ್ನು ಬೆರಳಿಟ್ಟು ತೋರಿಸಿದ.

ಚೌಕಟ್ಟುಗಳಿಗೆ ಸಾಗರದ ಕಡೆ ದೀವರ ಮನೆಗಳ ಹಸೆ ಚಿತ್ತಾರದ ಗೆರೆಗಳನ್ನು ನೋಡಿ ಬರೆದೆ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ, ನೇರ ಗೆರೆ, ಒಂದೇ ಅಳತೆಯಲ್ಲಿ ಮರಳಿ ಮರಳಿ ಬರುವ ವಿನ್ಯಾಸ. ಇದು ನೈನ್ ಸ್ಲೈಸ್‌ಗೆ ಹೇಳಿ ಮಾಡಿಸಿದ ಹಾಗಿದೆ. ನೈನ್ ಸ್ಲೈಸ್‌ನಲ್ಲಿ ಒಂದು ಚಿತ್ರವನ್ನು ಒಂಬತ್ತು ತುಂಡಾಗಿ ನೋಡುತ್ತೇವೆ. ನಾಲ್ಕು ಮೂಲೆ ಹಿಗ್ಗುವುದಿಲ್ಲ. ಅಂಚು ಒಂದೇ ದಿಕ್ಕಿಗೆ ಹಿಗ್ಗುತ್ತದೆ, ನಡುಭಾಗ ಎರಡೂ ಕಡೆಗೆ. ಅಂಚನ್ನು ಎಳೆಯುವ ಬದಲು ಮತ್ತೆ ಮತ್ತೆ ಜೋಡಿಸುವ ಹಾಗೆ ಇಟ್ಟರೆ ಚಿತ್ತಾರ ಕೆಡುವುದಿಲ್ಲ. ಒಂದೇ ಚಿತ್ರದಿಂದ ಸಣ್ಣ ಬಟನ್ನೂ ಆಯ್ತು, ದೊಡ್ಡ ಫಲಿತಾಂಶದ ಹಲಗೆಯೂ ಆಯ್ತು.

ಈ ಅಲಂಕಾರವೆಲ್ಲ ಎರಡನೇ ದಿನದ್ದು. ಮೊದಲ ಸಂಜೆ ಸುಮ್ನೆ ಬೂದು ಡಬ್ಬಿಗಳನ್ನು ಬರೆದು, ಸರಿಯಾದ ಹೆಸರು ಕೊಟ್ಟು ಕೋಡ್ ಬರೆಯುವವರ ಕೈಗೆ ಕೊಡಬೇಕು. ಚಿತ್ರ ಚೆಂದ ಆಗಲಿ ಅಂತ ಅವರನ್ನು ಕಾಯಿಸಿದರೆ ಆಟವೇ ಮುಗಿಯುವುದಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಕನ್ನಡದ ಒತ್ತಕ್ಷರ. ಎಲ್ಲರೂ 'ಸಿದ್ಧ' ಬಟನ್ ಒತ್ತಿದ ಮೇಲೆ ಆಟ ಶುರು. ಇಂಗ್ಲಿಷಿನ 'ರೆಡಿ' ಕೂರುವಷ್ಟೇ ಎತ್ತರ ಇಟ್ಟಿದ್ದೆ. ಕನ್ನಡ ಹಾಕಿದಾಗ ಕೆಳಗಿನ ಒತ್ತು ಕತ್ತರಿಸಿಹೋಗಿ ಪರದೆ ಮೇಲೆ ಬರೀ 'ಸಿದ' ಉಳಿಯಿತು. ಆಟ ಮಾಡುವ ತಂತ್ರಾಂಶ ಗೊಡೊಟ್, ಅದರ ಹಳೆಯ ಗೊಡೊಟ್ 3ರಲ್ಲಾದರೆ ಒತ್ತು ಸರಿಯಾಗಿ ಕೂಡುವುದೇ ಇಲ್ಲ. 2023ರಲ್ಲಿ ಬಂದ ಗೊಡೊಟ್ 4ರಲ್ಲಿ ಆ ತೊಂದರೆ ನೀಗಿದೆ, ಆದರೆ ಜಾಗ ನಾವೇ ಬಿಡಬೇಕು. ಈಗ ಯಾವ ಬಟನ್ ಬರೆದರೂ ಮೊದಲು ಅದರಲ್ಲಿ 'ಶಸ್ತ್ರ' ಅಂತ ಟೈಪ್ ಮಾಡುತ್ತೇನೆ. ಸ-ತ-ರ ಮೂರೂ ಪೂರ್ತಿ ಕಂಡ ಮೇಲೆಯೇ ಅದರ ಎತ್ತರ ಗಟ್ಟಿ ಮಾಡುವುದು.