ಔಷಧಿ ಕಹಿಯಾದರೆ ಕಾಯಿಲೆಯೇ ಸುಳ್ಳು
ನಮ್ಮ ಚಿಕ್ಕಪ್ಪನ ಗದ್ದೆ ಪಾಂಡವಪುರದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿದೆ. ಬಿಸಿಲು ಜಾಸ್ತಿ ಆಯ್ತು, ಮಳೆ ಹೊತ್ತಿಗೆ ಸರಿಯಾಗಿ ಬರಲ್ಲ ಅಂತ ದಿನಾ ಹೇಳುವವರು ಅವರೇ. ಹೋದ ಸಲ ಊರಿಗೆ ಹೋದಾಗ ಬದುವಿನ ಮೇಲೆ ಕೂತು ನಾನೊಂದು ಮಾತು ಅಂದೆ. ನೀರು ನಿಂತ ಗದ್ದೆಯ ಮಣ್ಣಿಗೆ ಗಾಳಿ ಹೋಗಲ್ಲ, ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಅನ್ನೋ ಅನಿಲ ಬಿಡುತ್ತವೆ, ಅದೂ ಭೂಮಿಯನ್ನು ಬಿಸಿ ಮಾಡುತ್ತೆ, ನಡುನಡುವೆ ಗದ್ದೆ ಆರಲು ಬಿಡಬೇಕು ಅಂತ. ಚಿಕ್ಕಪ್ಪನ ಮುಖ ಗಂಟಾಯಿತು. "ಇದೆಲ್ಲ ಯಾರೋ ಕಟ್ಟಿದ ಕತೆ ಕಣ್ಲಾ. ನಮ್ಮಪ್ಪನ ಕಾಲದಲ್ಲೂ ಬರ ಬಂದಿತ್ತು" ಅಂದರು. ಐದು ನಿಮಿಷ ಮುಂಚೆ ಬಿಸಿಲಿಗೆ ಬೈದವರೂ ಇವರೇ!

ಇದು ತಿಳಿವಳಿಕೆ ಇಲ್ಲದ್ದರಿಂದ ಅಂತ ದಯವಿಟ್ಟು ಅನ್ನಬೇಡಿ. ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟ್ರಾಯ್ ಕ್ಯಾಂಪ್‌ಬೆಲ್ ಮತ್ತು ಆರನ್ ಕೇ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜನರಿಗೆ ಭೂಮಿ ಬಿಸಿಯಾಗುವ ಬಗ್ಗೆ ವಿಜ್ಞಾನಿಗಳ ಒಂದೇ ಹೇಳಿಕೆ ಕೊಟ್ಟರು, ಪರಿಹಾರ ಮಾತ್ರ ಬೇರೆ ಬೇರೆ. ತೆರಿಗೆ, ಸರ್ಕಾರದ ಕಟ್ಟುಪಾಡು ಬೇಕು ಅಂತ ಓದಿದ, ಅಂಥ ಕಟ್ಟುಪಾಡು ಒಗ್ಗದ ರಿಪಬ್ಲಿಕನ್ ಪಕ್ಷದವರಲ್ಲಿ ಆ ಹೇಳಿಕೆ ನಂಬಿದವರು ನೂರಕ್ಕೆ 22. ಮುಕ್ತ ಮಾರುಕಟ್ಟೆಯೇ ದಾರಿ ಅಂತ ಓದಿದವರಲ್ಲಿ 55. ಥರ್ಮಾಮೀಟರ್ ಅದೇ, ಪಕ್ಷ ಅದೇ. ಬದಲಾಗಿದ್ದು ಔಷಧಿ ಮಾತ್ರ.

ಬೆಲ್ಲ ಬಿಡಬೇಕು ಅಂತ ಡಾಕ್ಟರು ಹೇಳಿದ ಕೂಡಲೇ ಲ್ಯಾಬಿನ ರಿಪೋರ್ಟೇ ತಪ್ಪು ಅನ್ನಿಸುತ್ತೆ, ಅಲ್ವಾ? ಸರ್ವೆಯರ್ ಅಳೆದಾಗ ನಮ್ಮ ಒಂದು ಗುಂಟೆ ಪಕ್ಕದವರಿಗೆ ಹೋದರೆ ಸರಪಳಿಯೇ ಸರಿ ಇಲ್ಲ ಅಂತೀವಿ. ಒಂದು ಗುಂಟೆ ನಮಗೆ ಬಂದರೆ ಅದೇ ಸರಪಳಿಯನ್ನು ಯಾರೂ ಮುಟ್ಟಿ ನೋಡಲ್ಲ. ಮನಸ್ಸು ಮೊದಲು ಖರ್ಚು ಲೆಕ್ಕ ಹಾಕುತ್ತೆ, ಆಮೇಲೆ ಸಾಕ್ಷಿಯನ್ನು ಒಳಗೆ ಬಿಡುತ್ತೆ. ಇದು ಒಂದೇ ಪಕ್ಷದ ರೋಗವಲ್ಲ. ಅದೇ ಅಧ್ಯಯನದಲ್ಲಿ, ಬಂದೂಕಿನ ಮೇಲಿನ ಹಿಡಿತ ಸಡಿಲ ಮಾಡುವುದೇ ಪರಿಹಾರ ಅಂದಾಗ ಮನೆಗೆ ನುಗ್ಗುವ ಕಳ್ಳರ ಹಾವಳಿಯನ್ನು ಕಡಿಮೆ ಮಾಡಿ ನೋಡಿದವರು ಬಂದೂಕಿಗೆ ಕಡಿವಾಣ ಬೇಕು ಅನ್ನುವ ಎದುರು ಪಾಳೆಯದವರು.

ಓದಿಸಿದರೆ ಸರಿಹೋಗುತ್ತೆ ಅನ್ನುವವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡ್ಯಾನ್ ಕಹಾನ್ ತಂಡ 2012ರಲ್ಲಿ ಕಂಡಿದ್ದನ್ನು ನೋಡಬೇಕು. ವಿಜ್ಞಾನ, ಲೆಕ್ಕ ಚೆನ್ನಾಗಿ ಬಲ್ಲವರಲ್ಲೇ ಹವಾಮಾನದ ವಿಷಯದಲ್ಲಿ ಎರಡು ಪಾಳೆಯಗಳ ನಡುವಿನ ಬಿರುಕು ಜಾಸ್ತಿ ಇತ್ತು. ಜಾಣತನ ವಕೀಲನ ಹಾಗೆ, ತನ್ನ ಕಕ್ಷಿದಾರನ ಪರವಾಗಿಯೇ ವಾದ ಮಾಡುತ್ತೆ.

ಬಿರುಕು ಹುಟ್ಟಿನಿಂದ ಬಂದದ್ದೂ ಅಲ್ಲ. 1988ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಹಸಿರುಮನೆ ಪರಿಣಾಮಕ್ಕೆ, ಅಂದರೆ ಭೂಮಿ ಬಿಸಿಯಾಗುವುದಕ್ಕೆ, ಶ್ವೇತಭವನದ ಪರಿಣಾಮ ತೋರಿಸುತ್ತೇನೆ ಅಂದವರು ರಿಪಬ್ಲಿಕನ್ ಪಕ್ಷದ ಹಿರಿಯ ಬುಷ್. 1997ರ ಕ್ಯೋಟೋ ಒಪ್ಪಂದದ ಹೊತ್ತಿಗೆ, ಹೊಗೆ ಕಡಿಮೆ ಮಾಡಲು ಯಾರು ಎಷ್ಟು ಕೊಡಬೇಕು ಅನ್ನೋ ಲೆಕ್ಕ ಎದುರಿಗೆ ಬಂತು. ಆಮೇಲೆ ಎರಡು ಪಕ್ಷಗಳ ಬೆಂಬಲಿಗರು ದೂರ ದೂರ ಸರಿಯುತ್ತಾ ಹೋದರು.

ಈಗ ಒಬ್ಬೊಬ್ಬರ ಹೊಣೆಯ ಮಾತು. ನಿಮ್ಮ ಕಾರ್ಬನ್ ಹೆಜ್ಜೆಗುರುತು, ಅಂದರೆ ನಿಮ್ಮ ಬದುಕಿನಿಂದ ಗಾಳಿಗೆ ಸೇರುವ ಕಾರ್ಬನ್, ಎಷ್ಟು ಅಂತ 2000ರ ದಶಕದಲ್ಲಿ ಜಾಹೀರಾತು ಕೊಟ್ಟು ಜನರನ್ನೇ ಕೇಳಿದ್ದು ಬಿಪಿ, ಅಂದರೆ ಸ್ವತಃ ಎಣ್ಣೆ ಕಂಪನಿ. ಪ್ರಶ್ನೆ ತಪ್ಪಲ್ಲ, ಆದರೆ ಬಾವಿ ತೋಡಿದವರು ಕೊಡ ಹಿಡಿದವರನ್ನು ಲೆಕ್ಕ ಕೇಳಿದ ಹಾಗಾಯಿತು. ಒಬ್ಬ ಅಮೆರಿಕನ್ನರ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಕಾರ್ಬನ್ ಡೈಆಕ್ಸೈಡ್ ಬೀಳುತ್ತೆ, ಭಾರತದವರ ಪಾಲಿಗೆ ಸುಮಾರು 2 ಟನ್. ಹೀಗಿರುವಾಗ ಮಂಡ್ಯದ ಎರಡು ಎಕರೆ ರೈತನ ಮುಂದೆ ನಿಂತು ತಪ್ಪು ನಿನ್ನದು ಅನ್ನೋ ದನಿಯಲ್ಲಿ ಮಾತಾಡಿದರೆ ಅವರು ಥರ್ಮಾಮೀಟರನ್ನೇ ಬೈಯುತ್ತಾರೆ. ಬದುವಿನ ಮೇಲೆ ನಾನು ಮಾಡಿದ ತಪ್ಪು ಅದೇ.

ಮಾರನೇ ದಿನ ಮೀಥೇನ್ ಮಾತೇ ಎತ್ತಲಿಲ್ಲ. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಡುವ ವರ್ಷ ಬೆಳೆ ಉಳಿಸೋದು ಹೇಗೆ ಅಂತ ಶುರು ಮಾಡಿದೆ. ತೂತು ಕೊರೆದ ಪೈಪನ್ನು ಗದ್ದೆಯಲ್ಲಿ ಹೂಳಬೇಕು, ಒಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದ ಮೇಲೆ ಮತ್ತೆ ನೀರು ಕಟ್ಟಿದರೆ ಸಾಕು, ಹೂ ಬಿಡುವಾಗ ಮಾತ್ರ ಒಣಗಿಸಬಾರದು. ಹೀಗೆ ಮಾಡಿದರೆ ಮೀಥೇನ್ ಸುಮಾರು ಅರ್ಧದಷ್ಟು ಕಡಿಮೆಯಾಗಬಹುದು.

"ಕಳೆ ಜಾಸ್ತಿ ಆಗಲ್ವೇನ್ಲಾ?" ಅಂದರು ಚಿಕ್ಕಪ್ಪ. ನಾಟಿಯಾದ ಮೊದಲ ಎರಡು ಮೂರು ವಾರ ನೀರು ನಿಲ್ಲಿಸಿ, ಕಳೆ ಅಷ್ಟು ಏಳಲ್ಲ ಅಂದೆ. ಅವರು ಹೆಬ್ಬೆರಳು, ಕಿರುಬೆರಳು ಚಾಚಿ ಮಣ್ಣಿನ ಮೇಲೆ ಅಳೆದು ನೋಡಿದರು. "ಗೇಣಿಗೆ ಕಮ್ಮಿನೇ. ಕೆಳಗಿನ ಮಡಿಗೆ ಒಂದು ಪೈಪ್ ಹಾಕು, ನೋಡನ."