ಮಾಳಿಗೆ ಮೇಲಿನ ಚುಕ್ಕಿಗಳು ಎಲ್ಲಿ ಹೋದವು?

ಬೇಸಿಗೆ ಬಂದರೆ ಕಲಬುರಗಿಯಲ್ಲಿ ಮಾಳಿಗೆ ಮೇಲೆ ಮಲಗೋದು ಹಳೇ ರೂಢಿ. ಅಂಗಾತ ಮಲಗಿದರೆ ಉತ್ತರ ದಿಕ್ಕಿಗೆ ಸಪ್ತರ್ಷಿಗಳು, ನಡುರಾತ್ರಿ ದಾಟಿದ ಮೇಲೆ ಆಕಾಶಗಂಗೆ. ಈಗ ರಿಂಗ್ ರೋಡಿನ ಆಚೀಚೆಯ ಬಡಾವಣೆಗಳಲ್ಲಿ ಬೂದು ಆಕಾಶ, ಅಲ್ಲೊಂದು ಇಲ್ಲೊಂದು ಚುಕ್ಕಿ.

ಇದು ಒಮ್ಮೆಲೇ ಆದದ್ದಲ್ಲ. ಟ್ಯೂಬ್‌ಲೈಟ್, ಹಳದಿ ಸೋಡಿಯಂ ದೀಪಗಳ ಕಾಲದಲ್ಲಿ ಕರೆಂಟ್ ಬಿಲ್ಲಿನ ಭಯವಿತ್ತು. ಸುಮ್ನೆ ದೀಪ ಉರಿಸಲು ಜನ ಹಿಂದೆಮುಂದೆ ನೋಡುತ್ತಿದ್ದರು. ಆ ಭಯ ಹೋಗಿದ್ದು ಎಲ್‌ಇಡಿಯಿಂದ. ಬಿಳಿ ಎಲ್‌ಇಡಿ ದೀಪಕ್ಕೆ ದಾರಿ ಮಾಡಿಕೊಟ್ಟ ನೀಲಿ ಎಲ್‌ಇಡಿ ಕಂಡುಹಿಡಿದ ಮೂವರಿಗೆ 2014ರಲ್ಲಿ ನೊಬೆಲ್ ಬಂತು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸುವ ಯೋಜನೆ ಶುರು ಮಾಡಿತು. ವಿದ್ಯುತ್ ಉಳಿಯಿತು, ನಿಜ. ಜೊತೆಗೆ ಗೇಟಿಗೊಂದು, ಕಾಂಪೌಂಡಿಗೊಂದು ಫೋಕಸ್ ಲೈಟ್ ಬಂತು. ಬಿಳಿ ಎಲ್‌ಇಡಿಯಲ್ಲಿ ನೀಲಿ ಅಂಶ ಜಾಸ್ತಿ, ಅದು ಗಾಳಿಯಲ್ಲಿ ಹೆಚ್ಚು ಚದುರಿ ಆಕಾಶವನ್ನೇ ಬೆಳಗಿಸುತ್ತದೆ, ಚುಕ್ಕಿಗಳು ಮಸುಕಾಗುತ್ತವೆ.

ಈ ತಕರಾರು ಹಳೆಯದು. ಅಮೆರಿಕದ ಫ್ಲ್ಯಾಗ್‌ಸ್ಟಾಫ್ ಊರು 1958ರಲ್ಲೇ ಜಾಹೀರಾತಿನ ಸರ್ಚ್‌ಲೈಟ್‌ಗಳಿಗೆ ತಡೆ ಹಾಕಿತು. ಪಕ್ಕದ ಲೋವೆಲ್ ವೀಕ್ಷಣಾಲಯಕ್ಕೆ ನಕ್ಷತ್ರ ಕಾಣಬೇಕಿತ್ತಲ್ಲ! ನಮ್ಮಲ್ಲಿ ಲಡಾಖಿನ ಹಾನ್ಲೆಗೆ ಅಂಥ ರಕ್ಷಣೆ ಸಿಕ್ಕಿದ್ದು 2022ರಲ್ಲಿ. ಅಲ್ಲೂ ಕಾರಣ ವೀಕ್ಷಣಾಲಯವೇ. ಸಂತೋಷದ ವಿಷಯ. ಆದರೆ ಟೆಲಿಸ್ಕೋಪ್ ಇಲ್ಲದ ಊರಿನ ಜನರಿಗೂ ಆಕಾಶ ಬೇಕಲ್ವಾ? 2011ರಿಂದ 2022ರವರೆಗೆ ನಾನಾ ದೇಶಗಳ ಜನ ಬರಿಗಣ್ಣಿನಿಂದ ನೋಡಿ ಕೊಟ್ಟ ಮಾಹಿತಿ ಪ್ರಕಾರ, ರಾತ್ರಿ ಆಕಾಶದ ಬೆಳಕು ವರ್ಷಕ್ಕೆ ಸುಮಾರು ಶೇ 10ರಷ್ಟು ಏರಿದೆ. ಹೀಗೇ ಹೋದರೆ, ಮಗು ಹುಟ್ಟಿದಾಗ 250 ಚುಕ್ಕಿ ಕಾಣುವ ಜಾಗದಲ್ಲಿ ಅದಕ್ಕೆ 18 ತುಂಬುವಾಗ ಕಾಣೋದು 100.

ನಮ್ಮ ಭಾಗಕ್ಕೆ ಇನ್ನೊಂದು ಚಿಂತೆಯೂ ಇದೆ. ತೊಗರಿ, ರಾತ್ರಿ ಉದ್ದವಾಗುತ್ತ ಬಂದಾಗ ಹೂ ಬಿಡುವ ಬೆಳೆ. ಬಡಾವಣೆಗಳು ಹೊಲದ ಬದುವಿಗೇ ಬಂದು ನಿಂತಿವೆ. ಬೆಳಗಿನವರೆಗೆ ದೀಪ ಬಿದ್ದರೆ ಆ ಸಾಲಿನ ಗಿಡಗಳಿಗೆ ರಾತ್ರಿಯೇ ಮೊಟಕು.

"ಕತ್ತಲಾದರೆ ಕಳ್ಳರು, ಹಾವು, ಚೇಳು" ಅನ್ನುತ್ತಾರೆ. ಈ ಹೆದರಿಕೆ ಸುಳ್ಳಲ್ಲ. ಹೆಣ್ಣುಮಕ್ಕಳು ಓಡಾಡುವ ದಾರಿಗೆ ಬೆಳಕು ಬೇಕೇ ಬೇಕು. ಆದರೆ ಕಾಂಪೌಂಡಿನ ಮೇಲೆ ಅಡ್ಡಕ್ಕೆ ತಿರುಗಿಸಿ ಕೂರಿಸಿದ ಫೋಕಸ್ ಲೈಟನ್ನು ಒಮ್ಮೆ ಎದುರಿನಿಂದ ನೋಡಿ. ಬೆಳಕು ನೇರ ಕಣ್ಣಿಗೆ ಹೊಡೆಯುತ್ತದೆ, ಅರ್ಧ ಎದುರು ಮನೆಯ ಮಾಳಿಗೆಗೆ ಹೋಗುತ್ತದೆ. ಗೋಡೆ ಬುಡದಲ್ಲಿ ಮಾತ್ರ ಕಗ್ಗತ್ತಲು. ಯಾರಾದರೂ ಅಲ್ಲಿ ನಿಂತಿದ್ದರೂ ಗೊತ್ತಾಗೋದಿಲ್ಲ.

ಹಾಗಾಗಿ ಕಾನೂನು ಬರಲಿ ಅಂತ ಕಾಯುವುದಕ್ಕಿಂತ ಬಡಾವಣೆಯ ಸಂಘಗಳೇ ಮೊದಲು ಕೂತು ಮಾತಾಡಬೇಕು ಅನ್ನೋದು ನನ್ನ ಅಭಿಪ್ರಾಯ. ದೀಪದ ಮುಖ ನೆಲಕ್ಕಿರಲಿ, ಮೇಲೊಂದು ಮುಚ್ಚಿಗೆ ಇರಲಿ. ಬಲ್ಬಿನ ಡಬ್ಬಿ ಮೇಲೆ ಬೆಳಕಿನ ಬಣ್ಣ ಹೇಳುವ ಕೆಲ್ವಿನ್ ಸಂಖ್ಯೆ ಇರುತ್ತದೆ, ಅದು ಹೆಚ್ಚಿದಷ್ಟೂ ನೀಲಿ ಅಂಶ ಜಾಸ್ತಿ. 6500 ಕೆಲ್ವಿನ್ ಅಂತಿದ್ದರೆ ಬಿಟ್ಟು, 3000 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಕೇಳಿ ತನ್ನಿ. ಗೇಟಿನ ದೀಪಕ್ಕೆ ಯಾರಾದರೂ ಬಂದಾಗ ಮಾತ್ರ ಹತ್ತುವ ಸೆನ್ಸರ್ ಹಾಕಿಸಿ. ಎಲೆಕ್ಟ್ರಿಷಿಯನ್‌ಗೆ ಇದು ಅರ್ಧ ದಿನದ ಕೆಲಸ.